ಶೇಷಾದ್ರಿ ರಸ್ತೆಯ ಗೋಡೆ, ಕಳಸದ ಗದ್ದೆ

ಎಂಟನೇ ತರಗತಿಯಲ್ಲಿ ಓದುವ ನನ್ನ ಮೊಮ್ಮಗಳು ಒಂದು ರಾತ್ರಿ ಊಟಕ್ಕೆ ಕೂತಾಗ ಹೇಳಿದಳು: "ಅಜ್ಜ, ನಮ್ಮ ಕ್ಲಾಸ್ ಲೀಡರ್ ತುಂಬಾ ಸ್ಟ್ರಿಕ್ಟು. ಮಾತಾಡಿದವರ ಹೆಸರನ್ನೆಲ್ಲ ಬೋರ್ಡಿನ ಮೇಲೆ ಬರೀತಾಳೆ. ಈಗ ಕ್ಲಾಸು ಎಷ್ಟು ಸೈಲೆಂಟಾಗಿದೆ ಗೊತ್ತಾ? ದೇಶಕ್ಕೂ ಅಂಥವರೇ ಬೇಕು."

ನಾನು ಸಾರನ್ನ ಕಲಸುತ್ತಿದ್ದೆ. ಕೈ ಒಂದು ಕ್ಷಣ ನಿಂತಿತು. ಈ ಮಾತನ್ನು ಎಲ್ಲೋ ಕೇಳಿದ್ದೇನೆ ಅನ್ನಿಸಿತು. ಸ್ವಲ್ಪ ಯೋಚಿಸಿದ ಮೇಲೆ ಹೊಳೆಯಿತು: ಕೇಳಿದ್ದಲ್ಲ, ಐವತ್ತು ವರ್ಷಗಳ ಹಿಂದೆ ನಾನೇ ಆಡಿದ ಮಾತು ಅದು.

ದಸರಾ ರಜೆಗೆ ಅವಳಿಗೆ ಶಾಲೆಯಲ್ಲಿ ಒಂದು ಕೆಲಸ ಕೊಟ್ಟಿದ್ದರು. ಮನೆಯ ಹಿರಿಯರನ್ನು ಮಾತನಾಡಿಸಿ, ಅವರು ಕಂಡ ಒಬ್ಬ ನಾಯಕರ ಬಗ್ಗೆ ನಾಲ್ಕು ಪುಟ ಬರೆಯಬೇಕು. "ಅಜ್ಜ, ನೀವು ಹೇಳಿ, ನಾನು ಬರ್ಕೋತೀನಿ" ಎಂದಳು. "ಕೂತು ಹೇಳುವ ಕಥೆಯಲ್ಲ ಪುಟ್ಟಿ, ನಡೆದು ನೋಡಬೇಕಾದ್ದು" ಎಂದೆ. ಹೀಗೆ ಹೊರಟಿತು ನಮ್ಮ ಸವಾರಿ. ಮೊದಲು ಮನೆಯಿಂದ ಅರ್ಧ ಗಂಟೆಯ ದಾರಿ, ಆಮೇಲೆ ಒಂದು ಇಡೀ ದಿನದ ದಾರಿ.

ಬೆಂಗಳೂರಿನ ಆನಂದರಾವ್ ವೃತ್ತದಿಂದ ಕೆ.ಆರ್. ವೃತ್ತದ ಕಡೆಗೆ ಹೋಗುವ ಶೇಷಾದ್ರಿ ರಸ್ತೆಯನ್ನು ನೀವು ನೋಡಿರಬಹುದು. ಆ ರಸ್ತೆಯಲ್ಲಿ ಫ್ರೀಡಂ ಪಾರ್ಕ್ ಇದೆ. ಮರಗಳಿವೆ, ಕಲ್ಲುಹಾಸಿನ ದಾರಿಗಳಿವೆ, ಬೆಳಿಗ್ಗೆ ವಾಯುವಿಹಾರಕ್ಕೆ ಬರುವವರಿದ್ದಾರೆ. ಆದರೆ ಒಳಗೆ ನಾಲ್ಕು ಹೆಜ್ಜೆ ಇಟ್ಟರೆ ಇದು ಎಲ್ಲ ಉದ್ಯಾನಗಳಂತಲ್ಲ ಎಂದು ಗೊತ್ತಾಗುತ್ತದೆ. ನಡುವೆ ಒಂದು ಎತ್ತರದ ಕಾವಲು ಗೋಪುರ, ಸುತ್ತ ಹಳೆಯ ಬ್ಯಾರಕ್ಕುಗಳು, ಇಕ್ಕಟ್ಟಾದ ಕೋಣೆಗಳು, ದಪ್ಪ ಗೋಡೆ. ಮೈಸೂರು ಸಂಸ್ಥಾನವನ್ನು ಬ್ರಿಟಿಷ್ ಕಮಿಷನರುಗಳು ಆಳುತ್ತಿದ್ದ ಕಾಲದಲ್ಲಿ, 1867ರಲ್ಲಿ ಕಟ್ಟಿಸಿದ ಸೆಂಟ್ರಲ್ ಜೈಲು ಇದು. ಕೈದಿಗಳನ್ನು ಪರಪ್ಪನ ಅಗ್ರಹಾರಕ್ಕೆ ಸಾಗಿಸಿದ ಮೇಲೆ ಜಾಗ ಖಾಲಿಯಾಯಿತು. 2008ರಲ್ಲಿ ಪಾರ್ಕ್ ಆಯಿತು.

ಪುಟ್ಟಿ ಗೋಪುರದ ಕೆಳಗೆ ನಿಂತು ಸುತ್ತ ನೋಡಿದಳು. "ಇದೇನಜ್ಜ, ಗಾಡಿಯ ಚಕ್ರದ ಥರ ಇದೆ?"

ಸರಿಯಾಗಿ ಹೇಳಿದ್ದಳು. ಗೋಪುರವೇ ಚಕ್ರದ ಗುಂಬ, ಬ್ಯಾರಕ್ಕುಗಳು ಅದರ ಅರಗಳು. ಗುಂಬದಲ್ಲಿ ಒಬ್ಬ ಕಾವಲುಗಾರ ನಿಂತರೆ ಸಾಕು, ಎಲ್ಲ ಕಡೆಯೂ ಕಾಣುತ್ತದೆ. ಆದರೆ ಅವನು ಈಗ ಯಾವ ಕಡೆ ನೋಡುತ್ತಿದ್ದಾನೆ ಎಂದು ಒಳಗಿರುವವರಿಗೆ ಗೊತ್ತಾಗುವುದಿಲ್ಲ. ಹಾಗಾಗಿ ಅವನು ನೋಡದಿದ್ದಾಗಲೂ ಎಲ್ಲರೂ ತಗ್ಗಿ ಬಗ್ಗಿ ನಡೆಯುತ್ತಾರೆ. "ನಮ್ಮ ಲೀಡರ್ ಕೊನೇ ಬೆಂಚಲ್ಲಿ ಕೂರೋದೂ ಅದಕ್ಕೇನಾ?" ಎಂದು ಕೇಳಿದಳು. ಅವಳ ಗೆಳತಿಯ ಬಗ್ಗೆ ನಾನೇನು ಹೇಳಲಿ! ನಕ್ಕು ಸುಮ್ಮನಾದೆ.

ಮಕ್ಕಳೇ, ನಿಮ್ಮ ಅಜ್ಜ ಅಜ್ಜಿಯರಿಗೆ ನೆನಪಿರುತ್ತದೆ, ಆದರೆ ನಿಮಗಾಗಿ ಹೇಳುತ್ತೇನೆ. 1975ರ ಜೂನ್ 12ರಂದು ಅಲಹಾಬಾದ್ ಹೈಕೋರ್ಟು, ಪ್ರಧಾನಿ ಇಂದಿರಾ ಗಾಂಧಿಯವರು ರಾಯ್‌ಬರೇಲಿಯಿಂದ ಗೆದ್ದಿದ್ದ ಚುನಾವಣೆ ಅಸಿಂಧು ಎಂದು ತೀರ್ಪು ಕೊಟ್ಟಿತು. ಅದೇ ತಿಂಗಳ 25ರ ರಾತ್ರಿ ದೇಶದಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾಯಿತು. ಜನ ಅದನ್ನು 'ಎಮರ್ಜೆನ್ಸಿ' ಎಂದೇ ಕರೆದರು. ಪತ್ರಿಕೆಗಳಲ್ಲಿ ಏನು ಬರಬೇಕು, ಏನು ಬರಬಾರದು ಎಂದು ಸರ್ಕಾರದ ಅಧಿಕಾರಿ ನೋಡಿ ಹೇಳಬೇಕು. ವಿರೋಧ ಪಕ್ಷದವರನ್ನು ವಿಚಾರಣೆಯಿಲ್ಲದೆ ಜೈಲಿನಲ್ಲಿಡಬಹುದು. ಅದಕ್ಕೆ ಬಳಸಿದ ಕಾಯ್ದೆಗೆ 'ಮೀಸಾ' ಎಂದು ಹೆಸರು. ಇದು ನಡೆದದ್ದು 1977ರ ಮಾರ್ಚ್ 21ರವರೆಗೆ, ಅಂದರೆ ಇಪ್ಪತ್ತೊಂದು ತಿಂಗಳು.

ಆ ದಿನಗಳಲ್ಲಿ ಈ ಜೈಲು ತುಂಬಿಹೋಯಿತು. ಸಂಸದೀಯ ಸಮಿತಿಯ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ಅಟಲ್ ಬಿಹಾರಿ ವಾಜಪೇಯಿ, ಎಲ್.ಕೆ. ಅಡ್ವಾಣಿ, ಮಧು ದಂಡವತೆ ಇವರನ್ನೆಲ್ಲ ಜೂನ್ 26ರಂದು ಹಿಡಿದು ಇಲ್ಲಿಗೇ ತಂದರು. ನಮ್ಮ ಎಚ್.ಡಿ. ದೇವೇಗೌಡರೂ ಇಲ್ಲಿದ್ದರು. 1996ರಲ್ಲಿ ಒಬ್ಬರ ಹಿಂದೆ ಒಬ್ಬರಂತೆ ಪ್ರಧಾನಿಯಾದ ಇಬ್ಬರೂ ಒಂದು ಕಾಲಕ್ಕೆ ಇದೇ ಜೈಲಿನ ಊಟ ಉಂಡವರು ಎಂದರೆ ಪುಟ್ಟಿಗೆ ನಂಬಿಕೆಯೇ ಬರಲಿಲ್ಲ.

ಎಲ್ಲರ ಕಥೆ ಹಾಗೆ ಮುಗಿಯಲಿಲ್ಲ. 'ಸಂಸ್ಕಾರ' ಚಲನಚಿತ್ರದಲ್ಲಿ ಅಭಿನಯಿಸಿದ್ದ ಸ್ನೇಹಲತಾ ರೆಡ್ಡಿ ಅವರನ್ನು 1976ರಲ್ಲಿ ಬಂಧಿಸಿ ಇಲ್ಲಿಟ್ಟರು. ಅವರಿಗೆ ಉಬ್ಬಸವಿತ್ತು. ಜೈಲಿನಲ್ಲಿ ಅದು ವಿಪರೀತವಾಯಿತು. 1977ರ ಜನವರಿಯಲ್ಲಿ ಪೆರೋಲ್ ಮೇಲೆ ಬಿಟ್ಟ ಕೆಲವೇ ದಿನಗಳಲ್ಲಿ ತೀರಿಕೊಂಡರು.

"ನೀವು ಆಗ ಎಲ್ಲಿದ್ರಿ ಅಜ್ಜ?"

ಈ ಪ್ರಶ್ನೆ ಬರುತ್ತದೆಂದು ಗೊತ್ತಿತ್ತು. ಗೋಡೆಯ ಆಚೆ ಕೈ ತೋರಿಸಿದೆ. "ಅಲ್ಲಿ. ಬಸ್ಸಿನಲ್ಲಿ."

ನನಗಾಗ ಇಪ್ಪತ್ತಮೂರು ವರ್ಷ. ಊರಿನಿಂದ ಬಂದು ವಿಧಾನಸೌಧದ ಆಸುಪಾಸಿನ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದೆ. ಶ್ರೀರಾಮಪುರದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೆ. ಎಮರ್ಜೆನ್ಸಿ ಬಂದ ಮೇಲೆ ನಮ್ಮ ಕಚೇರಿ ಬದಲಾದದ್ದನ್ನು ಕಣ್ಣಾರೆ ಕಂಡೆ. ಹನ್ನೊಂದೂವರೆಗೆ ಬರುತ್ತಿದ್ದವರು ಹತ್ತಕ್ಕೆ ಐದು ನಿಮಿಷವಿರುವಾಗಲೇ ಕುರ್ಚಿಯಲ್ಲಿರುತ್ತಿದ್ದರು. ಕಡತಗಳು ಮೇಜಿನಿಂದ ಮೇಜಿಗೆ ಓಡತೊಡಗಿದವು. ಮಾತು ಕಡಿಮೆ ಮಾಡಿ ಹೆಚ್ಚು ದುಡಿಯಿರಿ ಎಂಬರ್ಥದ ಬರಹಗಳು ಗೋಡೆಗಳ ಮೇಲೆ ಬಂದವು. ಬೆಲೆಗಳ ಏರಿಕೆ ನಿಂತಿತು. ಆ ವರ್ಷ ಮಳೆಯೂ ಚೆನ್ನಾಗಿ ಆಗಿತ್ತು ಎಂಬುದನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ರೈಲುಗಳು ಸರಿಯಾದ ಹೊತ್ತಿಗೆ ಬರುತ್ತಿವೆ ಎಂದು ಎಲ್ಲರೂ ಹೇಳುತ್ತಿದ್ದರು. ನಾನೂ ಹೇಳಿದೆ. "ಈ ದೇಶಕ್ಕೆ ಇಂಥ ಒಂದು ಕೈ ಬೇಕಿತ್ತು" ಎಂದು ಹೋಟೆಲಿನಲ್ಲಿ ಬೈಟೂ ಕಾಫಿ ಹಂಚಿಕೊಂಡು ಭಾಷಣ ಮಾಡಿದ್ದು ಈಗಲೂ ನೆನಪಿದೆ.

(ಇಟಲಿಯ ಸರ್ವಾಧಿಕಾರಿ ಮುಸೊಲಿನಿಯ ಬಗ್ಗೆಯೂ ಜನ ಇದೇ ರೈಲಿನ ಮಾತು ಹೇಳುತ್ತಿದ್ದರಂತೆ. ಅದರಲ್ಲಿ ಸತ್ಯಕ್ಕಿಂತ ಪ್ರಚಾರವೇ ಹೆಚ್ಚಾಗಿತ್ತು ಎಂದು ಆಮೇಲೆ ಓದಿದೆ. ಸರ್ವಾಧಿಕಾರಿಗಳಿಗೂ ರೈಲಿಗೂ ಅದೇನು ನಂಟೋ!)

ಇನ್ನು ನನ್ನ ಚಿಕ್ಕಪ್ಪನ ವಿಷಯ. ಅಪ್ಪನ ತಮ್ಮ. ಬೆಂಗಳೂರಿನಲ್ಲೇ ಹೈಸ್ಕೂಲ್ ಮೇಷ್ಟ್ರಾಗಿದ್ದರು. ನನ್ನನ್ನು ಈ ಊರಿಗೆ ಕರೆತಂದು, ಅರ್ಜಿ ಬರೆಸಿ, ಕೆಲಸಕ್ಕೆ ಸೇರುವ ದಿನ ತಮ್ಮದೇ ಶರ್ಟು ಇಸ್ತ್ರಿ ಮಾಡಿ ಕೊಟ್ಟವರು. ಹುಡುಗರಾಗಿದ್ದಾಗ ಶಿವಮೊಗ್ಗ ಜಿಲ್ಲೆಯ ಕಾಗೋಡಿನ ಸತ್ಯಾಗ್ರಹದ ಸುದ್ದಿ ಕೇಳಿ ಬೆಳೆದವರು. 1951ರಲ್ಲಿ ಗೇಣಿ ಅಳೆಯುವ ಕೊಳಗದ ಗಾತ್ರದ ಜಗಳದಿಂದ ಶುರುವಾದ ಗೇಣಿದಾರರ ಚಳವಳಿ ಅದು. ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾಗಿದ್ದರು. ಚಿಕ್ಕಪ್ಪ ಯಾವ ಪಕ್ಷದ ಸದಸ್ಯರೂ ಆಗಿರಲಿಲ್ಲ, ಆದರೆ ಅನ್ನಿಸಿದ್ದನ್ನು ಹೇಳದೆ ಇರುವವರೂ ಆಗಿರಲಿಲ್ಲ.

1975ರ ನವೆಂಬರಿನಲ್ಲಿ ಅವರ ಚೀಲದಲ್ಲಿ ಸೈಕ್ಲೋಸ್ಟೈಲ್ ಮಾಡಿದ ನಾಲ್ಕು ಹಾಳೆ ಸಿಕ್ಕವು. ಪತ್ರಿಕೆಗಳಲ್ಲಿ ಬರಲಾಗದ ಸುದ್ದಿ ಆ ಹಾಳೆಗಳಲ್ಲಿತ್ತು. ಅಷ್ಟಕ್ಕೆ ಎಂಟು ತಿಂಗಳು ಒಳಗಿದ್ದರು. ಮೊಕದ್ದಮೆ ಇಲ್ಲ, ವಿಚಾರಣೆ ಇಲ್ಲ. ಹೀಗೆ ಹಿಡಿದಿಟ್ಟವರು ಬಿಡುಗಡೆಗಾಗಿ ಕೋರ್ಟಿಗೆ ಹೋಗುವಂತೆಯೂ ಇಲ್ಲ ಎಂದು 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟೇ ಹೇಳಿಬಿಟ್ಟಿತು. ಐವರು ನ್ಯಾಯಮೂರ್ತಿಗಳಲ್ಲಿ ಎಚ್.ಆರ್. ಖನ್ನಾ ಒಬ್ಬರೇ ಅದನ್ನು ಒಪ್ಪಲಿಲ್ಲ.

ಚಿಕ್ಕಮ್ಮ ಒಂದು ಭಾನುವಾರ ನನ್ನ ಕೋಣೆಗೆ ಬಂದರು. "ಒಬ್ಬಳೇ ಹೋಗೋಕೆ ಧೈರ್ಯ ಸಾಲದು ಕಣೋ. ಜೈಲಿನ ಬಾಗಿಲ ತನಕ ಬಾ, ಒಳಗೆ ಬರೋದು ಬೇಡ" ಎಂದರು. ನಾನು ರಜೆ ಸಿಗುವುದಿಲ್ಲ ಎಂದೆ. ಸುಳ್ಳು. ರಜೆ ಕೇಳಿಯೇ ಇರಲಿಲ್ಲ. ಜೈಲಿನ ಬಾಗಿಲಲ್ಲಿ ಯಾರಾದರೂ ಕಂಡು ಕಚೇರಿಗೆ ಹೇಳಿದರೆ? ಪ್ರೊಬೇಷನ್ ಮುಗಿದಿರಲಿಲ್ಲ. ಚಿಕ್ಕಮ್ಮ ಮತ್ತೆ ಕೇಳಲಿಲ್ಲ. ಟಿಫನ್ ಡಬ್ಬಿ ಹಿಡಿದು ಒಬ್ಬರೇ ಹೋಗಿಬಂದರು.

ಆ ಎಂಟು ತಿಂಗಳೂ ನನ್ನ ಬಸ್ಸು ದಿನಕ್ಕೆರಡು ಬಾರಿ ಈ ಗೋಡೆಯ ಪಕ್ಕದಲ್ಲೇ ಹೋಗುತ್ತಿತ್ತು. ನಾನು ಯಾವಾಗಲೂ ಆಚೆ ಬದಿಯ ಸೀಟಿನಲ್ಲಿ ಕೂರುತ್ತಿದ್ದೆ.

ಬಿಡುಗಡೆಯಾದ ಮೇಲೆ ಚಿಕ್ಕಪ್ಪ ಒಂದು ಸಂಜೆ ನನ್ನನ್ನು ನೋಡಲು ಬಂದರು. ತೂಕ ಇಳಿದಿತ್ತು, ತಲೆ ನರೆತಿತ್ತು. ನಾನು ಕಚೇರಿ ಈಗ ಹೇಗೆ ಸುಧಾರಿಸಿದೆ, ರೈಲು ಹೇಗೆ ಹೊತ್ತಿಗೆ ಸರಿಯಾಗಿ ಬರುತ್ತಿದೆ ಎಂದೆಲ್ಲ ಒಂದೇ ಸಮನೆ ಮಾತಾಡಿದೆ. ಬೇರೆ ವಿಷಯ ಬರಬಾರದಲ್ಲ! ಅವರು ಕಾಫಿ ಕುಡಿದು ಮುಗಿಸಿ, "ರೈಲು ತಡವಾಯಿತು ಅಂತ ಬರೆಯೋಕೆ ಪೇಪರಿಗೆ ಬಿಡ್ತಾರೇನೋ?" ಎಂದು ಕೇಳಿದರು. ನನ್ನ ಬಾಯಲ್ಲಿ ಉತ್ತರವಿರಲಿಲ್ಲ. ಹೊರಡುವಾಗ ಚಪ್ಪಲಿ ಹಾಕಿಕೊಳ್ಳುತ್ತ ಇನ್ನೊಂದು ಕೇಳಿದರು. "ನಿನ್ನ ಬಸ್ಸು ಶೇಷಾದ್ರಿ ರಸ್ತೆ ಮೇಲೇನಾ ಹೋಗೋದು?"

"ಹೌದು ಚಿಕ್ಕಪ್ಪ."

"ಹತ್ತಕ್ಕೆ ಹತ್ತು ನಿಮಿಷ ಇರುವಾಗ ಒಂದು ಬಸ್ಸು ಉದ್ದಕ್ಕೆ ಹಾರ್ನ್ ಹೊಡೀತಿತ್ತು. ಅದರಲ್ಲಿ ನೀನು ಇರಬಹುದು ಅಂದ್ಕೊಳ್ತಿದ್ದೆ" ಎಂದರು. ಮಾತಿನಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಇಷ್ಟನ್ನೂ ಪುಟ್ಟಿಗೆ ಹೇಳಿದೆ. ಅವಳು ಬರೆದುಕೊಳ್ಳುವುದನ್ನು ಯಾವಾಗಲೋ ನಿಲ್ಲಿಸಿದ್ದಳು. ಪಾರ್ಕಿನ ಇನ್ನೊಂದು ಬದಿಯಲ್ಲಿ ಯಾರೋ ಮೈಕ್ ಹಿಡಿದು ಕೂಗುತ್ತಿದ್ದರು. ಶಾಮಿಯಾನದ ಕೆಳಗೆ ಹತ್ತಿಪ್ಪತ್ತು ಜನ ಧರಣಿ ಕೂತಿದ್ದರು. ಈಗ ಬೆಂಗಳೂರಿನಲ್ಲಿ ಪ್ರತಿಭಟನೆಗೆಂದು ಗೊತ್ತುಮಾಡಿರುವ ಜಾಗ ಇದೇ. ಸರ್ಕಾರದ ಮೇಲೆ ಸಿಟ್ಟಿದ್ದರೆ ಹಳೆಯ ಜೈಲಿನ ಅಂಗಳಕ್ಕೆ ಬಂದು ಕೂಗಿ ಹೋಗಬೇಕು. ಇದನ್ನು ನೋಡಿ ನಗಬೇಕೋ ಬೇಡವೋ ನನಗಂತೂ ತಿಳಿಯದು. ಪುಟ್ಟಿ ಹತ್ತಿರ ಹೋಗಿ ಅವರ ಫಲಕ ಓದಿಬಂದಳು. "ಸಂಬಳ ಕೊಟ್ಟಿಲ್ವಂತೆ ಅಜ್ಜ, ಆರು ತಿಂಗಳಿಂದ."

ಎರಡು ದಿನ ಬಿಟ್ಟು ಊರಿಗೆ ಹೊರಟೆವು. ಹಾಸನ, ಬೇಲೂರು, ಮೂಡಿಗೆರೆ ದಾಟಿ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಅಲ್ಲಿಂದ ಕಳಸದ ರಸ್ತೆ. ಮಳೆಗಾಲ ಮುಗಿಯುತ್ತ ಬಂದಿತ್ತು, ಆದರೂ ಮಂಜು ಬಸ್ಸಿನ ಕಿಟಕಿಗೇ ಬಂದು ಕೂರುತ್ತಿತ್ತು. ಕಾಫಿ ತೋಟಗಳ ನಡುವೆ ತಿರುವುಗಳೋ ತಿರುವುಗಳು. ಪುಟ್ಟಿ ಎರಡು ಸಲ ನಿಂಬೆಹಣ್ಣು ಮೂಸಿದಳು. ಭದ್ರಾ ಹೊಳೆ ಕಂಡ ಮೇಲೆ ಚೇತರಿಸಿಕೊಂಡಳು.

ನಮ್ಮ ಹಳ್ಳಿ ಕಳಸದಿಂದ ಸ್ವಲ್ಪ ಒಳಗೆ. ಈಗ ಅಲ್ಲಿ ನಮ್ಮದೆಂದು ಇರುವುದು ಹಳೆಯ ಮನೆ, ಅದರ ಹಿಂದೆ ಒಂದಿಷ್ಟು ಅಡಿಕೆ ತೋಟ. ನೋಡಿಕೊಳ್ಳುವವರು ತಮ್ಮನ ಮಗ. ಮನೆಯ ಮುಂದೆ ಇಳಿಜಾರಿನಲ್ಲಿ ಐದು ಎಕರೆ ಗದ್ದೆ ಇದೆ. ನಾನು ಹುಡುಗನಾಗಿದ್ದಾಗ ಅದು ನಮ್ಮದಾಗಿತ್ತು. ಅಂದರೆ ಕಾಗದದಲ್ಲಿ ನಮ್ಮದು. ಅಪ್ಪ ಒಂದು ದಿನವೂ ಅದರಲ್ಲಿ ಕಾಲಿಟ್ಟು ಉತ್ತವರಲ್ಲ. ಉಳುತ್ತಿದ್ದುದು ಒಂದು ಒಕ್ಕಲು ಕುಟುಂಬ. ಸುಗ್ಗಿಯಾದ ಮೇಲೆ ಗೇಣಿ ಭತ್ತ ತಂದು ನಮ್ಮ ಅಂಗಳದಲ್ಲಿ ಅಳೆದು ಹೋಗುತ್ತಿದ್ದರು.

ಕರ್ನಾಟಕದ ಭೂಸುಧಾರಣೆ ಕಾಯ್ದೆಗೆ ತಂದ ದೊಡ್ಡ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು. ಉಳುವವನೇ ಹೊಲದೊಡೆಯ ಎಂದು ಎಲ್ಲರ ಬಾಯಲ್ಲಿದ್ದ ಮಾತು ಅದರದೇ. ಗೇಣಿದಾರರು 'ಏಳನೇ ನಂಬರ್ ಫಾರಂ' ತುಂಬಿ ಭೂನ್ಯಾಯ ಮಂಡಳಿಗೆ ಕೊಡಬೇಕಿತ್ತು. ಇದಕ್ಕೆ ನಮ್ಮ ಕಡೆ 'ಡಿಕ್ಲರೇಷನ್ ಹಾಕುವುದು' ಎನ್ನುತ್ತಿದ್ದರು. ಮೊದಮೊದಲು ಆ ಮಂಡಳಿಗಳಲ್ಲಿ ವಕೀಲರಿಗೆ ಪ್ರವೇಶವೇ ಇರಲಿಲ್ಲ. ಒಡೆಯರೂ ಒಕ್ಕಲೂ ಎದುರುಬದುರು ನಿಂತು ತಾವೇ ಹೇಳಿಕೊಳ್ಳಬೇಕು. ನಮ್ಮ ಒಕ್ಕಲೂ ಡಿಕ್ಲರೇಷನ್ ಹಾಕಿದರು. ಅಂದಿನಿಂದ ಅಪ್ಪನಿಗೆ ಇಂದಿರಾ ಗಾಂಧಿ ಎಂದರೆ ಆಗದು. ಜಗಲಿಯಲ್ಲಿ ಕೂತು "ಸರ್ವಾಧಿಕಾರಿ, ಸರ್ವಾಧಿಕಾರಿ" ಎಂದು ಬೈಯುತ್ತಿದ್ದರು. ತಮ್ಮ ಜೈಲಿನಲ್ಲಿದ್ದಾನೆ ಎನ್ನುವುದಕ್ಕಿಂತ ಗದ್ದೆ ಹೋಗುತ್ತದೆ ಎನ್ನುವುದೇ ಆ ಬೈಗುಳದಲ್ಲಿ ಹೆಚ್ಚಾಗಿತ್ತು ಎಂದು ಹೇಳಿದರೆ ಅಪ್ಪನ ಆತ್ಮ ನನ್ನನ್ನು ಕ್ಷಮಿಸಲಿ.

1976ರ ದೀಪಾವಳಿಗೆ ಚಿಕ್ಕಪ್ಪ ಊರಿಗೆ ಬಂದರು. ಅಪ್ಪನಿಗೆ ಖುಷಿ, ಬೈಯಲು ಜೊತೆ ಸಿಕ್ಕಿತಲ್ಲ ಎಂದು. ಆದರೆ ಚಿಕ್ಕಪ್ಪ ಹೋಳಿಗೆ ತಿನ್ನುತ್ತ, "ಅಣ್ಣಯ್ಯ, ಮಂಡಳಿಯಲ್ಲಿ ತಕರಾರು ಮಾಡಬೇಡ. ಗದ್ದೆ ಅವರದ್ದೇ. ಕಾಯ್ದೆ ಸರಿಯಾಗಿಯೇ ಇದೆ" ಎಂದುಬಿಟ್ಟರು. ಅಪ್ಪನ ಮುಖ ಕೆಂಪಾಯಿತು. "ನಿನ್ನನ್ನು ಎಂಟು ತಿಂಗಳು ಕೂಡಿ ಹಾಕಿದವರ ಪರ ಮಾತಾಡ್ತೀಯಲ್ಲೋ!" ಅದಕ್ಕೆ ಚಿಕ್ಕಪ್ಪ, "ಕೂಡಿ ಹಾಕಿದ್ದು ತಪ್ಪು. ಅದನ್ನು ಸಾಯೋ ತನಕ ಹೇಳ್ತೀನಿ. ಗದ್ದೆ ಕೊಟ್ಟಿದ್ದು ಸರಿ. ಅದನ್ನೂ ಹೇಳ್ತೀನಿ" ಎಂದರು. ಆ ಹಬ್ಬದಲ್ಲಿ ಅಣ್ಣತಮ್ಮಂದಿರು ಮತ್ತೆ ಮಾತಾಡಲಿಲ್ಲ. ಅಪ್ಪ ತಕರಾರು ಮಾಡಿದರು, ಸೋತರು, ಆ ಮನೆಯವರ ಜೊತೆ ಮಾತು ಬಿಟ್ಟರು. ನಾವು ಮಕ್ಕಳೂ ಬಿಟ್ಟೆವು. ಗದ್ದೆಯ ಬದುವಿನ ಆಚೆಗೇ ಇರುವ ಆ ಮನೆಗೆ ನಾನು ಇಷ್ಟು ವರ್ಷ ಹೋಗಿಯೇ ಇರಲಿಲ್ಲ.

1977ರಲ್ಲಿ ಚುನಾವಣೆ ನಡೆಯಿತು. ಎಮರ್ಜೆನ್ಸಿ ಹೇರಿದವರೇ ಚುನಾವಣೆ ಕರೆದರು, ಸೋತರು, ಅಧಿಕಾರ ಬಿಟ್ಟುಕೊಟ್ಟರು. ಇಂದಿರಾ ಅವರ ಬಗ್ಗೆ ಯೋಚಿಸುವಾಗ ಇದನ್ನೂ ಮರೆಯುವ ಹಾಗಿಲ್ಲ. ಉತ್ತರ ಪ್ರದೇಶದ 85 ಸ್ಥಾನಗಳಲ್ಲಿ ಅವರ ಪಕ್ಷಕ್ಕೆ ಒಂದೂ ಬರಲಿಲ್ಲ. ಕರ್ನಾಟಕದಲ್ಲಿ 28ರಲ್ಲಿ 26 ಬಂದವು. "ಒಂದೇ ದೇಶ, ಒಬ್ಬರೇ ನಾಯಕರು. ಇಷ್ಟು ವ್ಯತ್ಯಾಸ ಹೇಗೆ ಅಜ್ಜ?" ಎಂದು ಪುಟ್ಟಿ ಕೇಳಿದ್ದು ನ್ಯಾಯವೇ. ಉತ್ತರದಲ್ಲಿ ಬಲವಂತದ ಸಂತಾನಹರಣ ಚಿಕಿತ್ಸೆ ಹಳ್ಳಿ ಹಳ್ಳಿಯನ್ನೂ ನಡುಗಿಸಿತ್ತು. ದಿಲ್ಲಿಯಲ್ಲಿ ಮನೆಗಳನ್ನು ಕೆಡವಿದ್ದರು. ನಮ್ಮಲ್ಲಿ ಅದರ ಬಿಸಿ ಅಷ್ಟು ತಟ್ಟಲಿಲ್ಲ. ಅಲ್ಲಿ ನಡೆದದ್ದನ್ನು ನಮಗೆ ಹೇಳುವ ಪತ್ರಿಕೆಗಳಿಗೆ ಬಾಯಿ ಕಟ್ಟಿತ್ತು. ಇಲ್ಲಿ ಮುಖ್ಯಮಂತ್ರಿ ದೇವರಾಜ ಅರಸರ ಭೂಸುಧಾರಣೆ ನಡೆಯುತ್ತಿತ್ತು. ಮರುವರ್ಷ, 1978ರ ನವೆಂಬರಿನಲ್ಲಿ, ಇಂದಿರಾ ನಮ್ಮ ಚಿಕ್ಕಮಗಳೂರಿಗೇ ಬಂದು ನಿಂತರು. ಡಿ.ಬಿ. ಚಂದ್ರೇಗೌಡರು ಅವರಿಗಾಗಿ ಸ್ಥಾನ ಬಿಟ್ಟುಕೊಟ್ಟಿದ್ದರು. ಎದುರಾಳಿ ವೀರೇಂದ್ರ ಪಾಟೀಲರು. ಎಪ್ಪತ್ತು ಸಾವಿರಕ್ಕೂ ಹೆಚ್ಚು ಮತಗಳಿಂದ ಇಂದಿರಾ ಗೆದ್ದರು. ನಮ್ಮ ಅಪ್ಪ ಒಂದು ಗುರುತಿಗೆ, ಗದ್ದೆಯ ಆಚೆ ಮನೆಯವರು ಇನ್ನೊಂದು ಗುರುತಿಗೆ ಮುದ್ರೆ ಒತ್ತಿ ಒಂದೇ ದಾರಿಯಲ್ಲಿ ದೂರ ದೂರ ನಡೆದು ಮನೆಗೆ ಬಂದರಂತೆ.

ಆ ಮನೆಗೆ ಈ ಸಲ ಪುಟ್ಟಿಯ ಕೈ ಹಿಡಿದು ಹೋದೆ. ನಿಜ ಹೇಳಬೇಕೆಂದರೆ ಅವಳೇ ನನ್ನ ಕೈ ಹಿಡಿದಿದ್ದಳು, ಬದು ಜಾರುತ್ತಿತ್ತು. ಮನೆಗೆ ಆರ್‌ಸಿಸಿ ಆಗಿದೆ, ಅಂಗಳದಲ್ಲಿ ಒಂದು ಪಿಕಪ್ ನಿಂತಿದೆ. ಜಗಲಿಯಲ್ಲಿ ಅಡಿಕೆ ಸುಲಿಯುತ್ತಿದ್ದ ಅಜ್ಜಿ ತಲೆಯೆತ್ತಿ ನೋಡಿದರು. ಡಿಕ್ಲರೇಷನ್ ಹಾಕಿದವರ ಹೆಂಡತಿ. ಎಂಬತ್ತು ದಾಟಿರಬೇಕು. ನನ್ನ ಗುರುತು ಹಿಡಿದು, "ದೊಡ್ಮನೆ ಸಣ್ಣಯ್ಯ ಅಲ್ವಾ?" ಎಂದರು. ಎಪ್ಪತ್ತಮೂರು ವರ್ಷದ ನಾನು ಸಣ್ಣಯ್ಯ! ಪುಟ್ಟಿ ಬಾಯಿಗೆ ಕೈ ಇಟ್ಟುಕೊಂಡಳು.

ಒಳಗಿನ ಗೋಡೆಯಲ್ಲಿ ಧರ್ಮಸ್ಥಳದ ಮಂಜುನಾಥ ಸ್ವಾಮಿಯ ಕ್ಯಾಲೆಂಡರಿನ ಪಕ್ಕ ಇಂದಿರಾ ಗಾಂಧಿಯವರ ಫೋಟೊ ಇತ್ತು. ಬಣ್ಣ ಮಾಸಿದ ಹಳೆಯ ಫೋಟೊ. ಆದರೆ ಅದಕ್ಕೆ ಹಾಕಿದ ಸೇವಂತಿಗೆ ಅಂದಿನದೇ. ಪುಟ್ಟಿ ಅದನ್ನೇ ನೋಡುತ್ತ ನಿಂತಳು.

"ಅಮ್ಮ" ಎಂದರು ಅಜ್ಜಿ. "ನಮಗೆ ಗದ್ದೆ ಕೊಟ್ಟೋಳು. ಓಟಿಗೆ ನಿಂತಾಗ ಲಾರಿ ಹತ್ತಿ ಚಿಕ್ಕಮಗಳೂರಿಗೆ ಹೋಗಿ ನೋಡಿ ಬಂದಿದ್ದೆ. ಎಷ್ಟು ತೆಳ್ಳಗೆ, ನನ್ನ ಹಂಗೇ!"

ಪುಟ್ಟಿಗೆ ತಾರೀಖುಗಳು ಬಾಯಿಗೆ ಬಂದಿದ್ದವು. "ಆದ್ರೆ ಅಜ್ಜಿ, ಕಾಯ್ದೆ ಬಂದಿದ್ದು 1974ರಲ್ಲಿ, ಇಲ್ಲಿನ ವಿಧಾನಸಭೆಯಿಂದ. ಎಮರ್ಜೆನ್ಸಿಗಿಂತ ಮುಂಚೆನೇ. ಮಾಡಿದ್ದು ದೇವರಾಜ ಅರಸು. ಅವರ ಫೋಟೊ ಇಲ್ವಾ?"

"ಅರಸರಾ? ಅವರೂ ಒಳ್ಳೆಯೋರಂತೆ" ಎಂದರು ಅಜ್ಜಿ. ಅಷ್ಟೆ. ನನಗೆ ಪಾಪ ಅನ್ನಿಸಿತು, ಅರಸರ ಬಗ್ಗೆ. ಮುಂದೆ 1979ರಲ್ಲಿ ಇಂದಿರಾ ಅವರಿಗೂ ಅರಸರಿಗೂ ಮುರಿದುಬಿತ್ತು. ಫೋಟೊ ಮಾತ್ರ ಒಬ್ಬರದೇ ಉಳಿಯಿತು.

ಪುಟ್ಟಿ ಬಿಡಲಿಲ್ಲ. "ಅವರು ತುಂಬಾ ಜನರನ್ನ ಜೈಲಿಗೆ ಹಾಕಿದ್ರು ಅಜ್ಜಿ. ನಮ್ಮ ಚಿಕ್ಕಜ್ಜನ್ನೂ ಹಾಕಿದ್ರು. ನಿಮಗೆ ಗೊತ್ತಿತ್ತಾ?"

ನಾನು ಅವಳ ಭುಜ ಒತ್ತಿದೆ. ಅಜ್ಜಿ ಬೇಸರಪಡಲಿಲ್ಲ. ಕತ್ತಿ ಕೆಳಗಿಟ್ಟರು.

"ಮೇಷ್ಟ್ರಯ್ಯನ್ನ ಹಿಡ್ಕೊಂಡು ಹೋದ್ದು ಗೊತ್ತಾಯ್ತು ಮಗಾ. ಬೇಜಾರಾಯ್ತು. ಅವರೊಬ್ಬರು ಬಂದು ಈ ಜಗಲೀಲಿ ಕೂತು ನೀರು ಕುಡ್ದೋರು. ಅಮ್ಮ ಹಂಗ್ ಮಾಡಬಾರದಿತ್ತು." ಸ್ವಲ್ಪ ಹೊತ್ತು ಸುಮ್ಮನಿದ್ದು ಮುಂದುವರಿಸಿದರು. "ಆದರೆ ಒಂದು ಕೇಳ್ತೀನಿ. ನಾವು ನಿಮ್ಮ ದೊಡ್ಮನೆ ಅಂಗಳಕ್ಕೆ ಬಂದರೆ ಚಪ್ಪಲಿ ಕೈಯಲ್ಲಿ ಹಿಡೀಬೇಕಿತ್ತು. ಕೊಳಗ ಅಳೆಯುವಾಗ ಸರೀ ಇಲ್ಲ ಅಂತ ಬಾಯಿ ಬಿಟ್ಟರೆ ಮರುವರ್ಷ ಗದ್ದೆ ಇಲ್ಲ. ಮಗಳ ಮದುವೆಗೂ ಒಡೇರ ಅಪ್ಪಣೆ ಬೇಕು. ಆಗ ಯಾವ ಪೇಪರಿನೋರೂ ಬರೀಲಿಲ್ಲ. ಅದಕ್ಕೇನಂತಾರೆ ಮಗಾ, ನಿಮ್ಮ ಶಾಲೆಯಲ್ಲಿ?"

ಪುಟ್ಟಿ ನನ್ನ ಮುಖ ನೋಡಿದಳು. ನಾನು ಅಂಗಳ ನೋಡಿದೆ. ನಮ್ಮ ಮನೆಯ ಅಂಗಳದಲ್ಲಿ ಕೈಯಲ್ಲಿ ಚಪ್ಪಲಿ ಹಿಡಿದು ನಿಂತವರನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಹುಡುಗನಾಗಿದ್ದಾಗ ಅದು ಮನೆಯ ಮುಂದಿನ ತೆಂಗಿನಮರ ಇದ್ದ ಹಾಗೆ ಇತ್ತು. ನೋಡುತ್ತಿದ್ದೆ, ನೋಡಿದ್ದೇನೆ ಎಂದು ಗೊತ್ತಿರಲಿಲ್ಲ. ಅಪ್ಪ ಕ್ರೂರಿಯಲ್ಲ. ಕಾಯಿಲೆಯೆಂದರೆ ಔಷಧಿಗೆ ಕಾಸು ಕೊಟ್ಟವರು. ಗದ್ದಲ ಮಾಡಿದರೆ ಹೆಸರು ಬರೆದುಕೊಂಡವರು.

"ನಮ್ಮ ಅಪ್ಪ ಮಾಡಿದ್ದು ಸರಿಯಲ್ಲ" ಎಂದೆ. ಇಷ್ಟು ಹೇಳುವುದಕ್ಕೆ ಐವತ್ತು ವರ್ಷ ಬೇಕಾಯಿತು. ಹೇಳಿದ ಮೇಲೆ ಬಹಳ ಚಿಕ್ಕ ಮಾತು ಅನ್ನಿಸಿತು.

"ಸತ್ತೋರ ಮಾತು ಬಿಡಿ ಅಯ್ಯ" ಎಂದು ಅಜ್ಜಿ ಸೊಸೆಯನ್ನು ಕರೆದು ಕಾಫಿ ತರಿಸಿದರು. ಬೆಲ್ಲದ ಕಾಫಿ. ಜೊತೆಗೆ ಕೊಟ್ಟೆ ಕಡುಬು. ಪುಟ್ಟಿ ಅಜ್ಜಿಯ ಪಕ್ಕದಲ್ಲೇ ಕೂತು ಅಡಿಕೆ ಸುಲಿಯಲು ಕಲಿತಳು, ಬೆರಳಿಗೆ ಕರೆ ಹತ್ತಿಸಿಕೊಂಡಳು. ಈಗ ಕಾನೂನಿನಲ್ಲಿ ಬದಲಾವಣೆ ಆಗಿದೆ, ಒಳಗಿನ ಗಲಭೆ ಎಂಬ ನೆಪ ಹೇಳಿ ಎಮರ್ಜೆನ್ಸಿ ತರುವಂತಿಲ್ಲ, ಸಶಸ್ತ್ರ ದಂಗೆಯೇ ಆಗಬೇಕು, 1978ರ ನಲವತ್ತನಾಲ್ಕನೇ ತಿದ್ದುಪಡಿ ಅದು ಎಂದು ಅವಳಿಗೆ ಹೇಳಬೇಕೆಂದುಕೊಂಡಿದ್ದೆ. ಅಲ್ಲಿ ಅದನ್ನು ಹೇಳುವ ಹೊತ್ತು ಬರಲಿಲ್ಲ. ಬಸ್ಸಿನಲ್ಲಿ ಹೇಳಿದೆ.

ಹೊರಡುವಾಗ ಅಜ್ಜಿ ಒಳಗಿನಿಂದ ಐದು ಸೇರು ಕೆಂಪಕ್ಕಿಯ ಚೀಲ ತಂದರು. ನಾನು ಬೇಡವೆಂದೆ. "ತಗೊಳ್ಳಿ ಸಣ್ಣಯ್ಯ, ನಿಮ್ಮ ಗದ್ದೆದೇ" ಎಂದವರು, ಮಾತು ಮುಗಿಸುವ ಮೊದಲೇ ತಡೆದು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. "ಅಲ್ಲ ಅಲ್ಲ. ನಮ್ಮ ಗದ್ದೆದು. ನಮ್ಮ ಗದ್ದೆದು ತಗೊಳ್ಳಿ."

ಚೀಲವನ್ನು ಬದುವಿನುದ್ದಕ್ಕೂ ನಾನೇ ಹೊತ್ತೆ. ಪುಟ್ಟಿ ಕೇಳಿದರೂ ಕೊಡಲಿಲ್ಲ.